ಗುಂಡಿ ಮೇಲಿನ ಹೊಲಕ್ಕೆ, ನೀರು ಕೆಳಗಿನ ಬೋರಿಗೆ: ಬಾಗೇಪಲ್ಲಿ ಕಡೆಯ ಒಂದು ಪ್ರಕರಣ

ಬಾಗೇಪಲ್ಲಿ ತಾಲೂಕಿನ ಒಂದು ಊರು. ಊರಿನ ಹೆಸರು ಹೇಳುವುದಿಲ್ಲ, ಜನರ ಹೆಸರೂ ಇಲ್ಲ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ದುಡ್ಡಿನ ಲೆಕ್ಕ ಮತ್ತು ನಾವು ಮಾಡಿದ ತಪ್ಪುಗಳನ್ನು ಮಾತ್ರ ಮುಟ್ಟಿಲ್ಲ.

ನಮ್ಮದು ಐದು ಜನರ ಚಿಕ್ಕ ಟ್ರಸ್ಟ್. ಹೊಲದಲ್ಲಿ ಮಣ್ಣು, ನೀರು ಉಳಿಸುವ ಕೆಲಸಕ್ಕೆ ಎಲ್ಲಿಂದಲೋ ದುಡ್ಡು ಹೊಂದಿಸಿ ರೈತರ ಜೊತೆ ಮಾಡುತ್ತೇವೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಆಗಾಗ ಫೋನ್ ಮಾಡಿ, ಸಾರ್ ಪ್ರಪೋಸಲ್ ಹೇಗೆ ಬರೆಯೋದು ಅಂತ ಕೇಳುತ್ತಾರೆ. ಬರೆಯುವುದೇನೋ ಎರಡು ರಾತ್ರಿ ಕೂತರೆ ಆಗುತ್ತದೆ. ದುಡ್ಡು ಮಂಜೂರಾದ ಮೇಲೆ ಏನೇನಾಗುತ್ತದೆ ಅನ್ನುವುದನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಕೇಳದಿದ್ದರೂ ಹೇಳುತ್ತಿದ್ದೇನೆ.

ಊರು ಹೇಗಿದೆ

ಮೇಲೆ ಕಲ್ಲುಗುಡ್ಡ. ಅದರ ಬುಡಕ್ಕೆ ಗೋಮಾಳ. ಗೋಮಾಳಕ್ಕೆ ಅಂಟಿಕೊಂಡೇ ಇಳಿಜಾರಿನ ಹೊಲಗಳು, ಕೊನೆಯಲ್ಲಿ ಒಂದು ಕುಂಟೆ, ಅಂದರೆ ಸಣ್ಣ ಕೆರೆ. ಈ ಇಳಿಜಾರಿನಲ್ಲಿ 17 ಮನೆಗಳಿಗೆ ಸೇರಿದ 38 ಎಕರೆ ಇದೆ. ರಾಗಿ, ಸಾಲಿನ ನಡುವೆ ಅವರೆ, ತೊಗರಿ, ಅಂಚಿಗೆ ಹುಚ್ಚೆಳ್ಳು, ಒಂದಿಷ್ಟು ಕಡಲೆಕಾಯಿ. ಮನೆಗೆ ಒಂದೆರಡು ಸೀಮೆ ಹಸು, ಡೇರಿ ದುಡ್ಡಲ್ಲೇ ಸಂತೆ ಖರ್ಚು. ಕೆಳಗಡೆ ಇರುವ ನಾಲ್ಕು ಮನೆಗಳಿಗೆ ಬೋರ್‌ವೆಲ್ ಇದೆ, ಅವರು ಟೊಮೆಟೊ, ಹಿಪ್ಪುನೇರಳೆ ಬೆಳೆಯುತ್ತಾರೆ. ಒಂದು ಹಳೇ ತೆರೆದ ಬಾವಿ ಇತ್ತು. ಎಷ್ಟೋ ವರ್ಷದಿಂದ ಬತ್ತಿ, ಊರಿನ ಕಸ ತುಂಬಿಕೊಂಡು ಕೂತಿತ್ತು.

ಜಿಲ್ಲೆಗೆ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ, ನೆಲದೊಳಗೆ ಇಂಗುವುದಕ್ಕಿಂತ ಮೇಲೆತ್ತುವುದೇ ಜಾಸ್ತಿ. ಬೆಂಗಳೂರಲ್ಲಿ ಸಂಸ್ಕರಿಸಿದ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ, ಎಚ್.ಎನ್. ವ್ಯಾಲಿ ಮೂಲಕ ನಮ್ಮ ಚಿಕ್ಕಬಳ್ಳಾಪುರದ ಕೆಲವು ಕೆರೆಗಳಿಗೂ ಬರುತ್ತದೆ. ಆದರೆ ಪೈಪಿನ ನೀರು ಗುಡ್ಡ ಹತ್ತಿ ಬರುವುದಿಲ್ಲ ಅಲ್ವಾ. ಈ ಇಳಿಜಾರಿಗೆ ಮಳೆ ಬಿಟ್ಟರೆ ಬೇರೆ ಗತಿ ಇಲ್ಲ.

2021ರ ನವೆಂಬರ್‌ನಲ್ಲಿ ಮಳೆ ಹಿಡಿದಿದ್ದು ನೆನಪಿರಬಹುದು. ಕೊಯ್ದು ಹಾಕಿದ್ದ ರಾಗಿ ಹೊಲದಲ್ಲೇ ಮೊಳಕೆ ಒಡೆಯಿತು. ಎಷ್ಟೋ ವರ್ಷದ ಮೇಲೆ ಕುಂಟೆ ಕೋಡಿ ಬಿತ್ತು, ಜನ ಗಂಗಪೂಜೆ ಮಾಡಿ ಕುರಿ ಕಡಿದರು. ಕೋಡಿಯ ನೀರು ಕೆಂಪಗೆ, ಗಟ್ಟಿ ಚಹಾದ ಹಾಗಿತ್ತು. ಅದು ಮೇಲಿನ ಹೊಲದ ಮಣ್ಣು ಅಂತ ಖುಷಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ನೀರಿಳಿದ ಮೇಲೆ ಹೋಗಿ ನೋಡಿದರೆ ಮೇಲಿನ ಹೊಲದ ನಟ್ಟನಡುವೆ ಮಂಡಿಯುದ್ದದ ಕೊರಕಲು ಬಿದ್ದಿತ್ತು. ಮಾರನೇ ಬೇಸಿಗೆಯಲ್ಲಿ ನಮ್ಮನ್ನು ಕರೆದದ್ದು ಆ ಕೊರಕಲಿಗಾಗಿ.

ತಕರಾರು ಎಲ್ಲಿ ಬಂತು

ತಾಂತ್ರಿಕವಾಗಿ ಇದರಲ್ಲಿ ಕಷ್ಟವೇನೂ ಇಲ್ಲ. ಗುಡ್ಡದ ನೀರು ಓಡುವುದನ್ನು ಮೇಲೇ ತಡೆಯಬೇಕು. ಮಟ್ಟದ ಗೆರೆ ಹಿಡಿದು ಟ್ರೆಂಚ್ ತೋಡಬೇಕು, ತೋಡಿದ ಮಣ್ಣಲ್ಲೇ ಕೆಳಬದಿಗೆ ಬದು ಹಾಕಬೇಕು, ಕೊರಕಲಿಗೆ ಅಡ್ಡಲಾಗಿ ಕಲ್ಲು ಕಟ್ಟಬೇಕು. ಎಲ್ಲಕ್ಕಿಂತ ಮೇಲಿರುವ ನಾಲ್ಕು ಎಕರೆ ಜಾಸ್ತಿ ಇಳಿಜಾರು, ಅದನ್ನು ವರ್ಷಾ ವರ್ಷಾ ಉತ್ತು ಮಣ್ಣು ಸಡಿಲ ಮಾಡುವುದು ನಿಲ್ಲಬೇಕು. ಅಲ್ಲಿ ರಾಗಿ ಬಿಟ್ಟು ಹುಲ್ಲು, ಮರ ಹಾಕಬೇಕು.

ಆ ನಾಲ್ಕು ಎಕರೆ ಮೂವರು ಅಣ್ಣತಮ್ಮಂದಿರದು. ಊರಲ್ಲಿ ಎಲ್ಲರಿಗಿಂತ ಕಮ್ಮಿ ಇರುವ ಮನೆಗಳೇ ಆ ಮೂರು. ಬೋರೂ ಇಲ್ಲ.

ಡೇರಿ ಕಟ್ಟೆ ಮೇಲೆ, ಸಂಜೆ ಹಾಲು ಹಾಕಿದ ಮೇಲೆ ಸಭೆ. ನಾನು ಬಿಳಿ ಹಾಳೆ ಮೇಲೆ ಗುಡ್ಡ ಬರೆದೆ, ಬಾಣದ ಗುರುತು ಹಾಕಿ ನೀರು ಹೇಗೆ ಇಂಗುತ್ತದೆ ಅಂತ ಉತ್ಸಾಹದಲ್ಲಿ ವಿವರಿಸಿದೆ. ಎಲ್ಲರೂ ತಲೆ ಆಡಿಸಿದರು. ನಡುವಿನ ತಮ್ಮನ ಹೆಂಡತಿ ಹಾಲಿನ ಕ್ಯಾನು ಕಂಕುಳಲ್ಲಿಟ್ಟುಕೊಂಡು ನಿಂತೇ ಇದ್ದರು. ಅವರು ಒಂದೇ ಮಾತು ಕೇಳಿದರು. "ಗುಂಡಿ ನಮ್ಮ ಹೊಲಕ್ಕೆ, ನೀರು ನಿಮ್ಮ ಬೋರಿಗೆ. ನಮ್ಮನೆ ಮುದ್ದೆಗೆ ಏನು ಹಾಕೋದು?"

ಯಾರೂ ಬಾಯಿ ಬಿಡಲಿಲ್ಲ. ನನ್ನ ಬಾಣಗಳಿಗೂ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಈಗ ನೋಡಿದರೆ ಇಡೀ ಪ್ರಕರಣ ಆ ಒಂದು ಪ್ರಶ್ನೆ. ಅವತ್ತು ನನಗೆ ಅದು ತಲೆಗೆ ಹತ್ತಲಿಲ್ಲ, ಮನವೊಲಿಸಿದರೆ ಆಯ್ತು ಅಂದುಕೊಂಡೆ.

ದುಡ್ಡಿಗಾಗಿ ಅಲೆದದ್ದು

ಮೊದಲು ಹೋಗಿದ್ದು ಉದ್ಯೋಗ ಖಾತ್ರಿಗೆ. ಅದು ಸರಿಯಾದ ಜಾಗವೇ. ಸಣ್ಣ ರೈತರ ಹೊಲದಲ್ಲಿ ಟ್ರೆಂಚ್ ಮತ್ತು ಬದು ಹಾಕಲು ನರೇಗಾದಲ್ಲಿ ಆಗ ಅವಕಾಶ ಇತ್ತು, ಮನೆಯವರೇ ಕೆಲಸ ಮಾಡಿ ಕೂಲಿ ಪಡೆಯಬಹುದಿತ್ತು. ಯಂತ್ರ ಬಳಸುವ ಹಾಗಿರಲಿಲ್ಲ, ದಿನಕ್ಕೆ ಎರಡು ಸಲ ಆ್ಯಪ್‌ನಲ್ಲಿ ಫೋಟೋ ಹಾಜರಿ ಹಾಕಬೇಕಿತ್ತು, ಗುಡ್ಡದ ಬುಡದಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಕಾಯಕಬಂಧು, ಅಂದರೆ ಕೂಲಿಯವರ ಮೇಲ್ವಿಚಾರಕಿ, ಬಂಡೆ ಹತ್ತಿ ನಿಲ್ಲುತ್ತಿದ್ದಳು. ಅದೆಲ್ಲ ಹೇಗೋ ನಡೆಯಿತು. ಕೆಳಗಿನ, ನಡುವಿನ ಒಂಬತ್ತು ಮನೆಗಳ ಹೊಲದಲ್ಲಿ ಕೆಲಸ ಆಯಿತು.

ಮೇಲಿನ ಮೂವರದ್ದೇ ಆಗಲಿಲ್ಲ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲಿತ್ತು. ಪೌತಿ ಖಾತೆ ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು, ವಂಶವೃಕ್ಷಕ್ಕೆ ಮದುವೆಯಾಗಿ ಆಂಧ್ರಕ್ಕೆ ಹೋದ ಇಬ್ಬರು ಅತ್ತೆಯರ ಸಹಿ ಬೇಕು. ಏಳು ತಿಂಗಳು ಹಿಡಿಯಿತು. ತಲೆ ಮೇಲಿನ ಚಾವಣಿ ಸೋರುವಾಗ ನೆಲ ಒರೆಸಿದ ಹಾಗೆ ನಾವು ಕೆಳಗಿನಿಂದ ಬದು ಹಾಕುತ್ತಾ ಬಂದಿದ್ದೆವು.

ಕೃಷಿ ಭಾಗ್ಯದ ಹೊಂಡ ಮಾಡಿಸಿ ಅಂತ ಕೆಲವರು ಹೇಳಿದರು. 2014ರಲ್ಲಿ ಶುರುವಾದ ಯೋಜನೆ, ಸಾಮಾನ್ಯ ವರ್ಗಕ್ಕೆ ಶೇ. 80, ಪರಿಶಿಷ್ಟರಿಗೆ ಶೇ. 90 ಸಹಾಯಧನ ಕೊಟ್ಟು ಸಾವಿರಾರು ಹೊಂಡ ಆಗಿವೆ. ಒಳ್ಳೆಯದೇ. ಆದರೆ ಹೊಂಡ ಅವರವರ ಹೊಲಕ್ಕೆ ಅವರವರದು. ನಮ್ಮ ಸಮಸ್ಯೆ ಇದ್ದದ್ದು ಒಬ್ಬರ ಹೊಲಕ್ಕೂ ಇನ್ನೊಬ್ಬರ ಹೊಲಕ್ಕೂ ನಡುವೆ.

ಆಮೇಲೆ ಖಾಸಗಿ ಕಂಪನಿಗಳ ಬಾಗಿಲು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ (ಸಿಎಸ್‌ಆರ್) ಖರ್ಚು ಮಾಡಬೇಕು, ನಿಸರ್ಗ ಸಂಪತ್ತಿನ ರಕ್ಷಣೆಯೂ ಅದರ ಪಟ್ಟಿಯಲ್ಲಿದೆ. ರೈತರ ಗುಂಪಿಗೆ ನೇರವಾಗಿ ಕೊಡಲು ಅವರು ಒಪ್ಪುವುದಿಲ್ಲ. 2021ರ ಏಪ್ರಿಲ್‌ನಿಂದ ಈ ದುಡ್ಡಿನಲ್ಲಿ ಕೆಲಸ ಮಾಡುವ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಮಾಡಿಸಿರಲೇಬೇಕು. ನಮಗೆ ಅದಿತ್ತು.

ಮೊದಲ ಕಂಪನಿಯವರು ಹತ್ತು ನಿಮಿಷದಲ್ಲಿ ಮುಗಿಸಿದರು. ಟ್ರೆಂಚು, ಬದು ಎಲ್ಲಾ ಹಳೇದು, ನಿಮ್ಮದರಲ್ಲಿ ಹೊಸದೇನಿದೆ ಅಂದರು. ಹೊಸದು ತಾನೇ ಬೇಕು ಅಂತ ವಾಪಸ್ ಬಂದವನೇ ಕೂತು ಪ್ರಪೋಸಲ್‌ಗೆ ಮಣ್ಣಿನ ತೇವ ಅಳೆಯುವ ಸೆನ್ಸರು, ಮೊಬೈಲ್ ಆ್ಯಪು, ಡ್ರೋನ್ ಸರ್ವೆ ಎಲ್ಲ ಸೇರಿಸಿದೆ. ಸೆನ್ಸರಿಗೆ ಒಂದೂವರೆ ಲಕ್ಷ. ಓದಿದರೆ ನನಗೇ ಖುಷಿಯಾಗುತ್ತಿತ್ತು. ನಮ್ಮ ಟ್ರಸ್ಟಿನಲ್ಲಿ ಲೆಕ್ಕ ನೋಡುವ ಹುಡುಗಿ ಓದಿ, "ಇದರಲ್ಲಿ ಆ ಅಕ್ಕ ಕೇಳಿದ್ದಕ್ಕೆ ಉತ್ತರ ಎಲ್ಲಿದೆ?" ಅಂದಳು. ಹಾಲಿನ ಕ್ಯಾನಿನ ಅಕ್ಕ. ಅವಳೂ ಆ ಸಭೆಯಲ್ಲಿದ್ದಳು, ನಾನು ಮರೆತಿದ್ದೆ.

ಅವತ್ತು ಸೆನ್ಸರು ಹೊಡೆದು ಹಾಕಿದೆವು. ಅದರ ಜಾಗದಲ್ಲಿ ಒಂದು ಸಾಲು ಬರೆದೆವು: ಮೇಲಿನ ಹೊಲದವರ ಬೆಳೆನಷ್ಟಕ್ಕೆ ಎರಡು ವರ್ಷ ಭರ್ತಿ.

ಲೆಕ್ಕ ಹೀಗೆ. ಆ ಇಳಿಜಾರಲ್ಲಿ ಎಕರೆಗೆ ಐದು ಕ್ವಿಂಟಾಲ್ ರಾಗಿ ಬಂದರೆ ದೊಡ್ಡದು. ನಾಲ್ಕು ಎಕರೆಗೆ 20 ಕ್ವಿಂಟಾಲ್. ಅದರಲ್ಲಿ ಅರ್ಧವನ್ನು ಕೆಳಗಿನ ನಾಲ್ಕು ಬೋರಿನ ಮನೆಯವರು ಕೊಡಬೇಕು, ಮನೆಗೆ ಎರಡೂವರೆ ಕ್ವಿಂಟಾಲ್, ರಾಗಿಯಲ್ಲೇ. ಇನ್ನರ್ಧ ಕಂಪನಿ ದುಡ್ಡಲ್ಲಿ, 2022-23ರ ಬೆಂಬಲ ಬೆಲೆ 3,578 ರೂಪಾಯಿಯ ಲೆಕ್ಕದಲ್ಲಿ, ವರ್ಷಕ್ಕೆ 35,780. ಹುಲ್ಲು ಬೆಳೆದ ಮೇಲೆ ಅದು ಮೇಲಿನವರದ್ದೇ, ಊರಿನ ಹಸುಗಳಿಗೆ ಮಾರಬಹುದು.

ಎರಡನೇ ಕಂಪನಿಯವರಿಗೆ ಇಡೀ ಪ್ರಪೋಸಲ್ಲಿನಲ್ಲಿ ತಕರಾರು ಇದ್ದದ್ದು ಈ ಸಾಲಿಗೇ. ವ್ಯಕ್ತಿಗಳಿಗೆ ದುಡ್ಡು ಕೊಡುವ ಹಾಗಿಲ್ಲ, ಗುಂಡಿ ತೋಡಲು ಎಷ್ಟು ಬೇಕೋ ತಗೊಳ್ಳಿ ಅಂದರು. ಆಗ ನನಗೆ ನೆರವಿಗೆ ಬಂದದ್ದು ಅಮೆರಿಕದ ಉದಾಹರಣೆ, ನಗಬೇಡಿ. ಅಲ್ಲಿ 2002ರ ಫಾರ್ಮ್ ಬಿಲ್ಲಿನಲ್ಲಿ, ಅಂದರೆ ಕೃಷಿ ಕಾಯ್ದೆಯಲ್ಲಿ, ಕನ್ಸರ್ವೇಶನ್ ಇನೊವೇಶನ್ ಗ್ರಾಂಟ್ಸ್ ಅಂತ ಅನುದಾನ ಶುರು ಮಾಡಿದರು, ಹೊಲ ಮತ್ತು ದನದ ರಾಂಚ್‌ಗಳಲ್ಲಿ ಮಣ್ಣು ನೀರು ಉಳಿಸುವ ಹೊಸ ಪ್ರಯೋಗಗಳಿಗೆ. 2018ರ ಬಿಲ್ಲಿನಲ್ಲಿ ಅದರೊಳಗೇ ಹೊಲದಲ್ಲಿ ಮಾಡುವ ಪ್ರಯೋಗಗಳಿಗೆ ಅಂತ ವರ್ಷಕ್ಕೆ ಎರಡೂವರೆ ಕೋಟಿ ಡಾಲರ್ ಎತ್ತಿಟ್ಟರು. ಅದರಲ್ಲಿ ದುಡ್ಡು ಸಂಸ್ಥೆಗಳ ಕೈಗೆ ಹೋಗುತ್ತದೆ, ಸಂಸ್ಥೆ ರೈತನಿಗೆ ಕೊಡುತ್ತದೆ. ಏಕೆ? ಹೊಸ ಪದ್ಧತಿ ಹಿಡಿದು ಆದಾಯ ತಪ್ಪುವ ಅಪಾಯ ಅವನು ಹೊರುತ್ತಾನಲ್ಲ, ಅದಕ್ಕೆ. ಅಲ್ಲಿಯ ರೈತನ ನೂರಾರು ಎಕರೆಗೂ ನಮ್ಮ ಒಂದೂ ಚಿಲ್ಲರೆ ಎಕರೆಗೂ ಹೋಲಿಕೆ ಇಲ್ಲ, ಒಪ್ಪುತ್ತೇನೆ. ಆದರೆ ಅಪಾಯ ಹೊತ್ತವನಿಗೆ ದುಡ್ಡು ಕೊಡುವುದು ದಾನವಲ್ಲ, ಪ್ರಯೋಗದ ಖರ್ಚು ಅನ್ನುವ ವಾದಕ್ಕೆ ಅದೊಂದು ಸಾಕಾಯಿತು. ಸಾಲಿನ ಹೆಸರು ಬದಲಿಸಿ 'ಪ್ರಯೋಗದ ಅಪಾಯ ಭರ್ತಿ' ಅಂತ ಮಾಡಿದೆವು. ಒಪ್ಪಿದರು.

ಒಟ್ಟು 6,40,000. ಮೊದಲ ಕಂತು ಶೇ. 40, ಕೆಲಸ ಆದ ಮೇಲೆ ಶೇ. 40, ಕೊನೆಗೆ ಶೇ. 20.

ಊರಲ್ಲಿ ನೂರು ರೂಪಾಯಿ ಛಾಪಾಕಾಗದದ ಮೇಲೆ ಒಪ್ಪಂದ ಬರೆದರು. ಮೇಲಿನ ಮೂವರು, ಕೆಳಗಿನ ನಾಲ್ವರು, ಸಾಕ್ಷಿಗೆ ಡೇರಿ ಸೆಕ್ರೆಟರಿ. ಕಾಗದ ಡೇರಿಯ ಬೀರುವಿನಲ್ಲಿ, ಹಾಲಿನ ಫ್ಯಾಟ್ ಪುಸ್ತಕಗಳ ಕೆಳಗೆ ಇಟ್ಟರು. ಅದಕ್ಕೆ ಕೋರ್ಟಿನಲ್ಲಿ ಎಷ್ಟು ಬೆಲೆಯೋ, ಊರಲ್ಲಿ ಬೆಲೆ ಇತ್ತು.

ಮಾರ್ಚ್ ತಿಂಗಳ ಸಸಿ

ಕಂತು ಬಂದದ್ದು 2023ರ ಫೆಬ್ರುವರಿ ಮೂರನೇ ವಾರ. ಮಣ್ಣಿನ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ, ಒಕ್ಕಣೆ ಮುಗಿದು ಜನ ಖಾಲಿ ಇರುತ್ತಾರೆ. ಪೌತಿ ಖಾತೆಯೂ ಅಷ್ಟರಲ್ಲಿ ಆಗಿತ್ತು.

ಮಟ್ಟ ಹಿಡಿಯಲು ಡ್ರೋನ್ ಬೇಕಾಗಲಿಲ್ಲ. ಮೂರು ಬಿದಿರು ಕಡ್ಡಿ ಸೇರಿಸಿ ಇಂಗ್ಲಿಷ್ 'ಎ' ಅಕ್ಷರದ ಹಾಗೆ ಕಟ್ಟಿ, ನೆತ್ತಿಯಿಂದ ದಾರದಲ್ಲಿ ಒಂದು ಕಲ್ಲು ಇಳಿಬಿಟ್ಟರೆ ಆಯಿತು. ಅಡ್ಡಕಡ್ಡಿಯ ನಡುವಿನ ಗುರುತಿಗೆ ದಾರ ಬಂದು ನಿಂತರೆ ಎರಡೂ ಕಾಲು ಒಂದೇ ಮಟ್ಟ. ಅಲ್ಲೊಂದು ಸುಣ್ಣದ ಚುಕ್ಕೆ, ಒಂದು ಕಾಲು ಹಾಗೇ ಇಟ್ಟು ಇನ್ನೊಂದನ್ನು ತಿರುಗಿಸಿ ಮುಂದಿನ ಚುಕ್ಕೆ. ದೊಡ್ಡಣ್ಣನ ಮಗಳು, ಹತ್ತನೇ ಕ್ಲಾಸಿನವಳು, ಎರಡು ದಿನದಲ್ಲಿ ಇಡೀ ನಾಲ್ಕು ಎಕರೆ ಗುರುತು ಹಾಕಿದಳು. ಗಾಳಿ ಬಂದರೆ ಕಲ್ಲು ತೂಗುತ್ತದೆ, ಅದು ನಿಲ್ಲುವವರೆಗೆ ಉಸಿರು ಹಿಡಿದು ಕಾಯಬೇಕು. ಅವಳ ತಮ್ಮ ಗಾಳಿಗೆ ಅಡ್ಡಲಾಗಿ ಗೋಣಿಚೀಲ ಹಿಡಿದು ನಿಲ್ಲುತ್ತಿದ್ದ.

ಹಳೇ ಬಾವಿಯ ಕಸವನ್ನೂ ಆಗಲೇ ಎತ್ತಿಸಿದೆವು. ಟೈರು, ಚಪ್ಪಲಿ, ಗಣೇಶನ ಕಬ್ಬಿಣದ ಚೌಕಟ್ಟು, ಕೀಟನಾಶಕದ ಬಾಟಲಿ, ಒಂದು ಇಡೀ ಸೈಕಲ್ಲು. ಅದರ ವಾರಸುದಾರರು ಇವತ್ತಿಗೂ ಮುಂದೆ ಬಂದಿಲ್ಲ.

ಇಲ್ಲಿಯವರೆಗೆ ಚೆನ್ನಾಗಿತ್ತು. ಮಾರ್ಚ್ ಮಧ್ಯದಲ್ಲಿ ಕಂಪನಿಯಿಂದ ಫೋನ್. 600 ಸಸಿ ಅಂತ ಬರೆದಿದ್ದೀರಿ, ಮಾರ್ಚ್ 31ರೊಳಗೆ ನೆಟ್ಟ ಫೋಟೋ ಬೇಕು, ಖರ್ಚು ಈ ವರ್ಷದ ಲೆಕ್ಕಕ್ಕೆ ಸೇರಬೇಕು.

ಬಾಗೇಪಲ್ಲಿಯಲ್ಲಿ ಮಾರ್ಚ್‌ನಲ್ಲಿ ಸಸಿ! ಊರಿನ ಚಿಕ್ಕ ಮಗುವಿಗೂ ಗೊತ್ತು ಅದು ಬದುಕುವುದಿಲ್ಲ ಅಂತ. ನನಗೂ ಗೊತ್ತಿತ್ತು. ಆದರೂ ಎರಡನೇ ಕಂತು ನಿಂತುಹೋದೀತು ಎಂಬ ಭಯಕ್ಕೆ 200 ಸಸಿ ನೆಡಿಸಿದೆ. ಸೀತಾಫಲ, ನೇರಳೆ, ಹೊಂಗೆ. ನೆಡುವಾಗ ದೊಡ್ಡಣ್ಣ ಏನೂ ಅನ್ನಲಿಲ್ಲ, ಫೋಟೋಗೆ ನಿಂತರು, ಆಮೇಲೆ ಗುದ್ದಲಿ ಹೆಗಲಿಗೆ ಹಾಕಿ ಹೋಗುವಾಗ, "ಇವು ಯಾರಿಗೆ ನೆಟ್ಟಿದ್ದು ಸಾರ್?" ಅಂದರು. ಮೇ ಹೊತ್ತಿಗೆ 200ರಲ್ಲಿ 31 ಉಳಿದಿದ್ದವು.

ಮಿಕ್ಕ 400 ಸಸಿ ಉಳಿಸಿದ್ದು ನಾನಲ್ಲ, ಕಂಪನಿಯದ್ದೇ ಹಣಕಾಸು ವಿಭಾಗದ ಒಬ್ಬರು. ಒಂದಕ್ಕಿಂತ ಜಾಸ್ತಿ ವರ್ಷದ ಕೆಲಸವನ್ನು 'ಚಾಲ್ತಿ ಯೋಜನೆ' ಅಂತ ಮೊದಲೇ ತೋರಿಸಿದರೆ, ಖರ್ಚಾಗದ ದುಡ್ಡನ್ನು ಬೇರೆ ಖಾತೆಗೆ ಹಾಕಿಟ್ಟು ಮುಂದೆ ಬಳಸಬಹುದು, ಶುರುವಾದ ವರ್ಷ ಬಿಟ್ಟು ಮೂರು ವರ್ಷದವರೆಗೆ ನಿಯಮದಲ್ಲೇ ಅವಕಾಶ ಇದೆ ಅಂತ ಅವರು ಹೇಳಿದರು. ನನಗೆ ಈ ವಿಷಯವೇ ಗೊತ್ತಿರಲಿಲ್ಲ. ನಾನು ಮೊದಲ ದಿನವೇ ಕೇಳಿದ್ದರೆ 169 ಸಸಿ ಸುಮ್ನೆ ಸಾಯುತ್ತಿರಲಿಲ್ಲ.

ಕೃತ್ತಿಕೆ ಮಳೆ

ಮೇ ತಿಂಗಳ ಒಂದು ಸಂಜೆ. ಕೃತ್ತಿಕೆ ಮಳೆ. ಡೇರಿ ಮಾಡಿನ ಮೇಲೆ ನಾವಿಟ್ಟಿದ್ದ ಮಳೆಮಾಪಕದಲ್ಲಿ ಆಮೇಲೆ ನೋಡಿದಾಗ 40 ಮಿಲಿಮೀಟರ್. ಕೇಳಲು ಕಮ್ಮಿ ಅನಿಸುತ್ತದೆ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ 4,047 ಲೀಟರ್. ನಾಲ್ಕು ಎಕರೆಗೆ 40 ಮಿಲಿಮೀಟರ್ ಬಿದ್ದರೆ ಸುಮಾರು ಆರೂವರೆ ಲಕ್ಷ ಲೀಟರ್, ಗೋಮಾಳದಿಂದ ಇಳಿದು ಬರುವ ನೀರು ಇದರ ಮೇಲೆ.

ನಾವು ಬದು ಹಾಕಿದ್ದೆವು. ಕೋಡಿ ಬಿಟ್ಟಿರಲಿಲ್ಲ.

ಹೌದು, ಕೆರೆಗಳ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವನು ನಾನು, ಕೋಡಿ ಇಲ್ಲದ ಕೆರೆ ಉಳಿಯುವುದಿಲ್ಲ ಅಂತ ಯಾರಿಗೆ ಗೊತ್ತಿಲ್ಲ. ನಕ್ಷೆಯಲ್ಲಿ ಹೆಚ್ಚಾದ ನೀರು ಹೊರಗೆ ಹೋಗಲು ಎರಡು ಜಾಗ ಗುರುತು ಹಾಕಿದ್ದೆ. ಅಲ್ಲಿ ಕಲ್ಲು ಹಾಸುವುದು ಎರಡನೇ ಕಂತಿನ ಕೆಲಸ ಅಂತ ಬಜೆಟ್ಟಿನಲ್ಲಿ ಹಂಚಿದ್ದೆ. ಮಳೆ ಕಂತು ನೋಡಿಕೊಂಡು ಬರಲಿಲ್ಲ.

ಫೋನ್ ಬಂದು ನಾವು ತಲುಪುವ ಹೊತ್ತಿಗೆ ಕತ್ತಲಾಗಿತ್ತು. ಮೊದಲ ಟ್ರೆಂಚು ತುಂಬಿ ಬದು ನೆನೆದು ಬೆಣ್ಣೆಯಾಗಿತ್ತು. ನಡುತಮ್ಮ ಮೊಬೈಲ್ ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು ಬದುವಿನ ಒಂದು ತುದಿ ಕಡಿಯುತ್ತಿದ್ದ, ನೀರಿಗೆ ದಾರಿ ಬಿಡಲು. ಇನ್ನೊಂದು ಐದು ನಿಮಿಷ ಸಿಕ್ಕಿದ್ದರೆ ಉಳಿಯುತ್ತಿತ್ತೇನೋ. ನಡುವೆ ಒಂದು ಕಡೆ ಬದು ಕುಸಿಯಿತು, ದಪ್ಪ ಬಟ್ಟೆ ಹರಿದ ಹಾಗೆ ಸದ್ದು, ಅದರ ಹಿಂದೆ ಎರಡನೆಯದು, ಮೂರನೆಯದು. ಕೆಳಗಿನ ಟೊಮೆಟೊ ಹೊಲದವರೆಗೆ ಕೆಸರು ಹೋಯಿತು.

ರಿಪೇರಿಗೆ 38,000 ಬೇಕು. ಬಜೆಟ್ಟಿನಲ್ಲಿ ರಿಪೇರಿ ಅನ್ನುವ ಸಾಲೇ ಇರಲಿಲ್ಲ. ಎರಡನೇ ಕಂತು ಬರಬೇಕಾದರೆ ಮುಗಿದ ಬದುವಿನ ಫೋಟೋ ಕಳಿಸಬೇಕು. ಆ ಫೋಟೋ ನಮ್ಮ ಹತ್ತಿರ ಇತ್ತು! ಒಡೆಯುವ ಒಂದು ವಾರ ಮುಂಚೆ ತೆಗೆದದ್ದು, ಬಿಸಿಲಲ್ಲಿ ಮಿಂಚುತ್ತಿದ್ದ ಕೆಂಪು ಬದು. ಅದನ್ನೇ ಕಳಿಸಿಬಿಡೋಣ, ದುಡ್ಡು ಬಂದ ಮೇಲೆ ಸರಿ ಮಾಡೋಣ ಅಂತ ನಮ್ಮೊಳಗೇ ಒಬ್ಬರು ಹೇಳಿದರು, ಸುಳ್ಳೇನಲ್ಲವಲ್ಲ ಅಂದರು. ಒಂದು ರಾತ್ರಿ ನಾನೂ ಅದೇ ಯೋಚನೆಯಲ್ಲಿ ಮಲಗಿದೆ. ಬೆಳಿಗ್ಗೆ ಎದ್ದು ಎರಡೂ ಫೋಟೋ ಕಳಿಸಿದೆ, ಮೊದಲಿನದು, ಒಡೆದದ್ದು, ಜೊತೆಗೆ ಕೋಡಿ ಬಿಡದಿದ್ದದ್ದು ನಮ್ಮ ತಪ್ಪು ಅಂತ ಒಂದು ಪುಟ.

ಮೂರು ವಾರ ಉತ್ತರವೇ ಇಲ್ಲ. ಆಮೇಲೆ ಕಂಪನಿಯಿಂದ ಇಬ್ಬರು ಬಂದರು. ಒಡೆದ ಬದುವಿನ ಮೇಲೆ ಕೂತು ದೊಡ್ಡಣ್ಣನ ಹತ್ತಿರ ಒಂದು ಗಂಟೆ ಮಾತಾಡಿದರು. ಹೋಗಿ, ಎರಡನೇ ಕಂತಿನ ಅರ್ಧ ಬಿಟ್ಟರು, ಕೋಡಿ ಮೊದಲು ಅಂತ ಷರತ್ತು ಹಾಕಿ. ಅಷ್ಟರಲ್ಲಿ ಮಳೆಗಾಲ ತಲೆ ಮೇಲೆ ಇತ್ತಲ್ಲ, ಅದಕ್ಕೆ ಊರಿನ ಹೆಂಗಸರ ಸಂಘ 38,000 ಸಾಲ ಕೊಟ್ಟಿತ್ತು, ನೂರಕ್ಕೆ ರೂಪಾಯಿ ಬಡ್ಡಿ. ಮೂರು ತಿಂಗಳ ಬಡ್ಡಿ 1,140 ರೂಪಾಯಿಯನ್ನು ಯಾವ ತಲೆಬರಹದಡಿ ತೋರಿಸಬೇಕು ಅಂತ ಆಡಿಟರಿಗೆ ತಲೆನೋವು, ಕೊನೆಗೆ ನಮ್ಮ ಜೇಬಿಂದಲೇ ಕಟ್ಟಿದೆವು. ಈ ಸಂಘದ ಸಾಲ ಇಲ್ಲದಿದ್ದರೆ ಪ್ರಯೋಗ ಅಲ್ಲಿಗೇ ಮುಗಿಯುತ್ತಿತ್ತು. ವರದಿಯಲ್ಲಿ ಅದಕ್ಕೆ ಒಂದು ಸಾಲಿನ ಜಾಗವೂ ಸಿಗಲಿಲ್ಲ.

ಬರ ಬಂತು, ಒಪ್ಪಂದ ತಿರುಗಿತು

2023. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ ವರ್ಷ. ಜುಲೈಯಲ್ಲಿ 400 ಸಸಿ ನೆಟ್ಟೆವು, ಮೇಲಿನ ಹೊಲಕ್ಕೆ ಹುಲ್ಲಿನ ಬದಲು ಸ್ಟೈಲೋ ಅನ್ನುವ ದ್ವಿದಳ ಮೇವಿನ ಬೀಜ ಚೆಲ್ಲಿದೆವು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ ರಾತ್ರಿ ತಣ್ಣೀರಲ್ಲಿ ನೆನೆಹಾಕಿದರೆ ಚೆನ್ನಾಗಿ ಮೊಳೆಯುತ್ತದೆ. ಕ್ಯಾನಿನ ಅಕ್ಕನ ಮನೆ ಸ್ನಾನದ ಹಂಡೆಯಲ್ಲೇ ಆ ಕೆಲಸ ಆಯಿತು. ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತು. ಕೆಳಗಿನವರ ರಾಗಿ ತೆನೆ ಕಟ್ಟುವ ಮೊದಲೇ ಬಾಡಿತು. ನಾಲ್ಕರಲ್ಲಿ ಎರಡು ಬೋರು ಗಾಳಿ ಉಗುಳಲು ಶುರು ಮಾಡಿದವು.

ಈಗ ಕೆಳಗಿನ ನಾಲ್ವರು ಮೇಲಿನವರಿಗೆ ಹತ್ತು ಕ್ವಿಂಟಾಲ್ ರಾಗಿ ಕೊಡಬೇಕು. ಅವರ ಕಣದಲ್ಲೇ ರಾಗಿ ಇಲ್ಲ. ಒಬ್ಬರು ನೇರವಾಗಿ ಆಗೋದಿಲ್ಲ ಅಂದರು. ಇಬ್ಬರು ಸುಮ್ಮನಾದರು. ಒಬ್ಬರು ಹಳೇ ದಾಸ್ತಾನಿನಿಂದ ಒಂದು ಮೂಟೆ ಹೊತ್ತು ಹಾಕಿ ಬಂದರು.

ಬರದಲ್ಲಿ ಏನಾದೀತು ಅಂತ ನಾವು ಒಪ್ಪಂದದಲ್ಲಿ ಬರೆದಿರಲಿಲ್ಲ. ಬರದ ನಾಡಲ್ಲಿ ಕೂತು ಬರೆದ ಕಾಗದ ನೋಡಿ ಅದು.

ಮೇಲೆ ಮಾತ್ರ ಚಿತ್ರ ಬೇರೆಯಾಗಿತ್ತು. ಟ್ರೆಂಚಿನ ಪಕ್ಕದಲ್ಲಿ ಸ್ಟೈಲೋ ಹಸಿರಾಗಿ ನಿಂತಿತ್ತು. ಮೊದಲ ವರ್ಷವಾದ್ದರಿಂದ ದಟ್ಟವಾಗೇನೂ ಇರಲಿಲ್ಲ. ಆದರೆ ಆ ವರ್ಷ ಮೇವಿಗೆ ಚಿನ್ನದ ಬೆಲೆ. ರಾಗಿ ಹುಲ್ಲೇ ಇಲ್ಲ, ಡೇರಿಗೆ ಹಾಲು ಇಳಿಯುತ್ತಿದೆ. ಒಂದೇ ಕೊಯ್ಲು ಮಾಡಿದರೂ ಮೂರು ಮನೆಗೆ ಕೈಗೆ ಕಾಸು ಬಂತು. ಅಕ್ಕ ಹೇಳಿದ ಲೆಕ್ಕದಲ್ಲಿ ಆ ವರ್ಷ ಅಲ್ಲಿ ರಾಗಿ ಹಾಕಿದ್ದರೆ ಬೀಜವೂ ವಾಪಸ್ ಬರುತ್ತಿರಲಿಲ್ಲ.

ಮತ್ತೆ ಡೇರಿ ಕಟ್ಟೆ ಸಭೆ. ಈ ಸಲ ನಾನು ಹಾಳೆ, ಪೆನ್ನು ತರಲಿಲ್ಲ. ಜಗಳ ಆಗುತ್ತದೆ ಅಂದುಕೊಂಡೇ ಹೋದೆ, ಸ್ವಲ್ಪ ಆಯಿತು ಕೂಡ. ಆಗ ಅಕ್ಕ, "ರಾಗಿ ಬಿಡಿ, ಈ ವರ್ಷ ನೀರು ಕೊಡಿ" ಅಂದರು. ಸಸಿಗಳು ಸಾಯುತ್ತಿದ್ದವು. ಓಡುತ್ತಿದ್ದ ಎರಡು ಬೋರಿನಿಂದ ಶನಿವಾರ ಶನಿವಾರ ಒಂದು ಟ್ಯಾಂಕರ್ ಮೇಲಕ್ಕೆ, ಡೀಸೆಲ್ ಬಾಡಿಗೆ ಬೋರು ನಿಂತುಹೋದ ಇಬ್ಬರದು. ಹೀಗೆ ನಾಲ್ವರಿಗೂ ಪಾಲು ಬಂತು. ಊರಲ್ಲಿ ಅದಕ್ಕೆ ಶನಿವಾರದ ನೀರು ಅಂತಲೇ ಹೆಸರು ಬಿತ್ತು. ಕಾಗದದಲ್ಲಿ ಇಲ್ಲದ ಈ ಬದಲಾವಣೆಯನ್ನು ಕಂಪನಿಗೆ ವಿವರಿಸಲು ನನಗೆ ಎರಡು ಮೀಟಿಂಗ್ ಹಿಡಿಯಿತು. ನಮಗೆ ಹೊಳೆಯದ ದಾರಿ ಅವರಿಗೆ ಹೊಳೆಯಿತು, ಏಕೆಂದರೆ ಅಷ್ಟರಲ್ಲಿ ಮೇಲಿನವರ ಕೈಯಲ್ಲೂ ಮಾತಾಡಲು ಏನೋ ಇತ್ತು. ಮೊದಲ ಸಭೆಯಲ್ಲಿ ಇರಲಿಲ್ಲ.

ಈಗ ಏನಿದೆ

600 ಸಸಿಗಳಲ್ಲಿ ಕಳೆದ ಡಿಸೆಂಬರಿನಲ್ಲಿ ಎಣಿಸಿದಾಗ 231 ಇದ್ದವು. ಅರ್ಧಕ್ಕಿಂತ ಜಾಸ್ತಿ ಸೀತಾಫಲ, ಮೇಕೆ ಮುಟ್ಟುವುದಿಲ್ಲ ಅನ್ನುವುದೇ ಅದರ ಪುಣ್ಯ. ನೇರಳೆ ಹೆಚ್ಚುಕಮ್ಮಿ ಪೂರ್ತಿ ಹೋಯಿತು. ಮೇವು ಚೆನ್ನಾಗಿದೆ. 2024ರಲ್ಲಿ ಕೆಳಗಿನವರು ಪೂರ್ತಿ ರಾಗಿ ಅಳೆದು ಕೊಟ್ಟರು, ಹಿಂದಿನ ವರ್ಷ ಆಗೋದಿಲ್ಲ ಅಂದವರೂ ಸೇರಿ.

ಬಾವಿಯಲ್ಲಿ ನೀರಿದೆ. ಹಗ್ಗಕ್ಕೆ ಕಲ್ಲು ಕಟ್ಟಿ ತಿಂಗಳಿಗೊಮ್ಮೆ ಅಳೆಯುತ್ತೇವೆ. 2024ರ ಚಿತ್ತೆ ಮಳೆ ಆದ ಮೇಲೆ ದಡದಿಂದ 22 ಅಡಿಗೆ ನೀರು ಸಿಕ್ಕಿತು. ಕಂಪನಿಯವರಿಗೆ ಇದು ಬಹಳ ಇಷ್ಟವಾಯಿತು, ಎಷ್ಟು ಲಕ್ಷ ಲೀಟರ್ ಉಳಿಸಿದಿರಿ ಅಂತ ಬರೆದುಕೊಡಿ ಅಂದರು. ಕೊಡಲಿಲ್ಲ. ನಾವು ಅಳೆಯಲು ಶುರು ಮಾಡಿದ್ದೇ ಕೆಲಸ ಆದ ಮೇಲೆ, ಮೊದಲಿನ ಲೆಕ್ಕ ಇಲ್ಲ. ಪಕ್ಕದ ಹಳ್ಳಿಯ ಒಂದು ಬಾವಿಯನ್ನೂ ಹೋಲಿಕೆಗೆ ಅಳೆಯುತ್ತಿದ್ದೇವೆ, ಅಲ್ಲೂ ಆ ಮಳೆಗೆ ನೀರು ಏರಿತು. ನಮ್ಮದರಲ್ಲಿ ಏರಿದ್ದು ಸ್ವಲ್ಪ ಜಾಸ್ತಿ, ಇಳಿಯುತ್ತಿರುವುದು ನಿಧಾನ. ಅದಕ್ಕಿಂತ ಮುಂದೆ ಹೋಗಿ ಹೇಳುವ ಧೈರ್ಯ ನನಗಿಲ್ಲ.

ಇನ್ನೊಂದು ಹೇಳಲೇಬೇಕು, ಇದು ನನ್ನನ್ನು ಚುಚ್ಚುತ್ತದೆ. ಕೆಳಗಿನ ನಾಲ್ವರಲ್ಲಿ ಒಬ್ಬರು 2024ರ ಬೇಸಿಗೆಯಲ್ಲಿ ಸಾಲ ಮಾಡಿ ಹೊಸ ಬೋರು ಕೊರೆಸಿದರು, 1,200 ಅಡಿ. ಮೇಲೆ ಮೂರು ಮನೆಯವರು ಹನಿ ಹನಿ ಇಂಗಿಸುತ್ತಿದ್ದರೆ ಕೆಳಗೆ ಇನ್ನೊಂದು ಕೊಳವೆ. ಹೊಸ ಬೋರಿನ ಬಗ್ಗೆ ಒಪ್ಪಂದದಲ್ಲಿ ಒಂದಕ್ಷರ ಇರಲಿಲ್ಲ. ನೀರು ಇಂಗಿಸಲು 6,40,000 ತಂದ ನಾನು ಎತ್ತುವುದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ, ಕಂಪನಿಯವರೂ ಕೇಳಲಿಲ್ಲ.

ಇವತ್ತು ಅದೇ ಪ್ರಪೋಸಲ್ ಬರೆದರೆ ಕೋಡಿಯ ಕಲ್ಲು ಮೊದಲ ಕಂತಿನಲ್ಲೇ ಇರುತ್ತದೆ, ಚಾಲ್ತಿ ಯೋಜನೆ ಅನ್ನುವ ಮಾತು ಮೊದಲ ಪುಟದಲ್ಲೇ. ಒಡೆದದ್ದನ್ನು ಕಟ್ಟಲು ಹತ್ತರಲ್ಲಿ ಒಂದು ಪಾಲು ಎತ್ತಿಡುತ್ತೇನೆ. ಯಾವ ಕಂಪನಿ ಒಪ್ಪುತ್ತದೋ ಗೊತ್ತಿಲ್ಲ, ಆದರೂ ಕೇಳುತ್ತೇನೆ. ಬಾವಿಯ ಆಳವನ್ನು ಗುದ್ದಲಿ ಮುಟ್ಟುವ ಒಂದು ವರ್ಷ ಮುಂಚಿನಿಂದಲೇ ಅಳೆಯುತ್ತೇನೆ, ಹಗ್ಗ ಮತ್ತು ಕಲ್ಲಿಗೆ ಯಾರ ಮಂಜೂರಾತಿಯೂ ಬೇಡವಲ್ಲ. ಹೊಸದೇನು ಅಂತ ಕೇಳಿದರೆ ಡೇರಿ ಬೀರುವಿನ ಆ ಕಾಗದ ತೋರಿಸುತ್ತೇನೆ.

ಕಾಗದದ ಎರಡು ವರ್ಷದ ಅವಧಿ ಈಗ ಮುಗಿದಿದೆ. ಕಂಪನಿ ದುಡ್ಡೂ ಮುಗಿದಿದೆ. ಮುಂದಿನ ಒಪ್ಪಂದವನ್ನು ಯುಗಾದಿ ಆದ ಮೇಲೆ ಕೂತು ಮಾತಾಡುವುದು ಅಂತ ಊರಲ್ಲಿ ತೀರ್ಮಾನ ಮಾಡಿಕೊಂಡಿದ್ದಾರೆ, ನಮ್ಮನ್ನು ಕರೆದಿಲ್ಲ. ಡೇರಿ ಸೆಕ್ರೆಟರಿ ಫೋನಿನಲ್ಲಿ ಹೇಳಿದ ಪ್ರಕಾರ ಅಕ್ಕ ಎರಡು ಮಾತು ಸೇರಿಸಬೇಕು ಅಂತ ಹಟ ಹಿಡಿದಿದ್ದಾರೆ. ಬರ ಬಿದ್ದ ವರ್ಷ ರಾಗಿ ಬದಲು ಶನಿವಾರದ ನೀರು. ಹೊಸ ಬೋರು ಕೊರೆಸಿದವರು ಎರಡು ಪಾಲು ಅಳೆಯಬೇಕು.